ಮೊಳೆಯಿಂದ ಇಳಿದ ಚಿತ್ರ

ಬೆಳಿಗ್ಗೆ ಹತ್ತೂಕಾಲಿಗೆ ಗತ್ತಾಸ್ ತನ್ನ ಸತ್ತ ಅಣ್ಣ ಬರೆದ ಚಿತ್ರಕ್ಕೆ ಚಾಕು ಹಾಕಿದ. ಮೊದಲ ಸೀಳು ಚಿತ್ರದಲ್ಲಿದ್ದ ಹುಡುಗನ ಹಣೆಯಿಂದ ಗದ್ದದವರೆಗೆ ಹೋಯಿತು. ಎರಡನೆಯದನ್ನು ಎಳೆಯುವಾಗ ಅಣ್ಣನ ಮಗಳು ನುಹಾದ್ ಬರಿಗೈಯಲ್ಲಿ ಅಲಗನ್ನೇ ಹಿಡಿದಳು.

ಚಾಕು ಕೊಟ್ಟವಳು ಅವಳ ತಾಯಿ ಮಾರ್ತಾ. ಮೊಳೆಗೆ ಬಿಗಿದಿದ್ದ ಹಳೆಯ ಹಗ್ಗ ಕೊಯ್ಯಲೆಂದು ಅಡುಗೆಮನೆಯಿಂದ ತಂದುಕೊಟ್ಟಿದ್ದಳು.

ಚಿತ್ರ ಯುದ್ಧಕಾಲದ ಬೈರೂತಿನದು. ರಸ್ತೆಗೆ ಅಡ್ಡಗಟ್ಟೆ, ಬಾಗಿಲು ತೆರೆದ ಕಾರು, ಪಕ್ಕದಲ್ಲಿ ಮೂರು ಹೆಣ. ಹೆಗಲಿಗೆ ಬಂದೂಕು ಹಾಕಿದ ಹುಡುಗನೊಬ್ಬ ಸಿಗರೇಟು ಹಚ್ಚುತ್ತಿದ್ದಾನೆ. ಹುಡುಗ ಗತ್ತಾಸ್. ಮೂವತ್ತು ವರ್ಷ ಅದು ಊಟದ ಕೋಣೆಯಲ್ಲಿ ತೂಗಿತ್ತು. ಭಾನುವಾರಗಳಂದು ಗತ್ತಾಸ್ ಅದರ ಕೆಳಗೇ ಉಣ್ಣುತ್ತಿದ್ದ. ಆ ವಿಷಯ ಯಾರೂ ಎತ್ತುತ್ತಿರಲಿಲ್ಲ.

ಈಗ ಸಮುದ್ರದಾಚೆಯ ಮಾರ್ಸೇಲ್ ನಗರದ ಚಿತ್ರಪ್ರದರ್ಶನದವರು ಅದನ್ನು ಕೇಳಿದ್ದರು. ಬೈರೂತ್ ಎಂದೊಡನೆ ವಿಮಾ ಕಂಪನಿಗಳು ಹಿಂದೆ ಸರಿದವು. ಪ್ರದರ್ಶನ ನಡೆಯುವ ದೇಶದ ಸರ್ಕಾರವೇ ನಷ್ಟದ ಹೊಣೆ ಹೊತ್ತಿತು. ಷರತ್ತು ಒಂದೇ: ಮೊಳೆಯಿಂದ ಚಿತ್ರ ಇಳಿಸಬೇಕಾದವರು ಅವರ ಕಡೆಯವರು. ಹೊಣೆ ಶುರುವಾಗುವುದು ಅಲ್ಲಿಂದ. ನುಹಾದ್ ಇದನ್ನು ತಾಯಿಗೆ ಬಿಡಿಸಿ ಹೇಳಿದ್ದಳು.

"ಮನೆಗೆ ಬಂದೋರನ್ನ ಸ್ಟೂಲ್ ಹತ್ತಿಸೋದಾ? ಅದೂ ಕಾಫಿ ಕುಡಿಯೋಕೆ ಮುಂಚೆ?" ಎಂದುಕೊಂಡು ಮಾರ್ತಾ, ಮಗಳು ಸ್ನಾನಕ್ಕೆ ಹೋದಾಗ ಪಕ್ಕದ ಬೀದಿಯ ಮೈದುನನಿಗೆ ಫೋನ್ ಮಾಡಿದ್ದಳು. ಮನೆಯಲ್ಲಿ ಬೇರೆ ಗಂಡಸರಿರಲಿಲ್ಲ. ಗೋಡೆಗೆ ಸುಣ್ಣ ಹೊಡೆಸುತ್ತಾರೆಂದು ತಿಳಿದು ಗತ್ತಾಸ್ ಬಂದು ಚಿತ್ರ ಇಳಿಸಿದ್ದ.

"ಯಾವ ರೂಮಿಗೆ ಹಾಕ್ಲಿ ಅತ್ತಿಗೆ?"

ಒದ್ದೆ ತಲೆಯಲ್ಲೇ ಹೊರಬಂದ ನುಹಾದ್ ಖಾಲಿ ಗೋಡೆ ನೋಡಿದಳು. "ರೂಮಿಗಲ್ಲ ಚಿಕ್ಕಪ್ಪ, ಮಾರ್ಸೇಲ್‌ಗೆ. ಅದನ್ನ ಯಾಕೆ ಇಳಿಸಿದೆ?"

"ಮಾರ್ಸೇಲ್‌ಗಾ? ಮನೆ ಮಾತು ಮನೇಲಿರುತ್ತೆ ಅಂತ ತಾನೇ ಬಾಯಿ ಮುಚ್ಕೊಂಡು ಉಂಡಿದ್ದು? ಈಗ ಟಿಕೆಟ್ ಇಟ್ಟು ತೋರಿಸ್ತೀಯಾ ನನ್ನ?"

"ನೀನು ಬೆನ್ನು ಹಾಕಿ ಉಂಡೆ. ಅವರು ಮುಖ ನೋಡ್ತಾರೆ, ಅಷ್ಟೆ."

ಆಗ ಅವನು ಚಾಕು ಹಾಕಿದ್ದು. ಅಲಗು ಹಿಡಿದವಳ ಬಾಯಿಗೆ ಮೊಣಕೈಯಿಂದ ಗುದ್ದಿದ, ಹಲ್ಲೊಂದು ಮುರಿಯಿತು. ಅವಳು ಬಿಡಲಿಲ್ಲ. ಅವನು ಚಾಕುವನ್ನು ಜಗ್ಗಿ ಎಳೆದ. ಅಂಗೈ ಮೂಳೆಯವರೆಗೆ ಸೀಳಿತು. ಅತಿಥಿಗಳಿಗೆಂದು ಒಲೆಯ ಮೇಲಿಟ್ಟಿದ್ದ ಕಾಫಿಯನ್ನು ಮಾರ್ತಾ ಪಾತ್ರೆ ಸಮೇತ ಮೈದುನನ ಮುಖಕ್ಕೆ ಎರಚಿದಳು. ಗತ್ತಾಸ್ ಚೀರುತ್ತ, ಗೋಡೆ ತಡವುತ್ತ ಮೆಟ್ಟಿಲಿಳಿದು ಹೋದ.

ಹತ್ತೂವರೆಗೆ ವಜೀಹ್ ಆಳುಗಳೊಂದಿಗೆ ಬಂದ. ಆ ಸರ್ಕಾರದ ಪರವಾಗಿ ಚಿತ್ರ ಪರಿಶೀಲಿಸಿ ಒಪ್ಪಿಸಿಕೊಳ್ಳುವವನು. ನೆಲದ ರಕ್ತ, ಮೊಳೆ, ಚಿತ್ರ, ಈ ಕ್ರಮದಲ್ಲಿ ನೋಡಿದ.

"ಮೊದಲು ಆಸ್ಪತ್ರೆಗೆ ನಡೀರಿ."

"ಮೊದಲು ಚಿತ್ರ," ಎಂದಳು ನುಹಾದ್. ಕೈಗೆ ಸುತ್ತಿದ್ದ ಟವೆಲ್ ಆಗಲೇ ತೊಯ್ದಿತ್ತು.

ಮಾರ್ತಾ ಅಡ್ಡ ಬಂದಳು. "ನೀವೇ ಇಳಿಸಿದ್ರಿ ಅನ್ನಿ ಸಾಹೇಬ್ರೇ. ಆಳುಗಳ ಕೈ ಜಾರ್ತು ಅನ್ನಿ. ಅಷ್ಟಕ್ಕೆ ಆ ಸರ್ಕಾರ ದಿವಾಳಿ ಎದ್ದೋಗಲ್ಲ."

"ಕೈ ಜಾರಿದ್ರೆ ಮೂಲೆ ಒಡೆಯುತ್ತಮ್ಮ. ಮೂಗು ನೋಡ್ಕೊಂಡು ಹರಿಯಲ್ಲ." ವಜೀಹ್ ನುಹಾದ್ ಕಡೆ ತಿರುಗಿದ. "ಈ ಸೀಳಿಗೆ ಸರ್ಕಾರ ಹೊಣೆ ಅಲ್ಲ. ಕಳಿಸಲ್ಲ ಅಂದ್ರೆ ಇಲ್ಲಿಗೇ ಬಿಡೋಣ. ಕಳಿಸ್ತೀರಾದ್ರೆ, ಹರಿದಿರೋ ಚಿತ್ರ ಅಂತಾನೇ ಒಪ್ಕೋತೀನಿ, ಇನ್ನು ಮುಂದಿನದಕ್ಕೆ ನಾವು ಹೊಣೆ. ಆದ್ರೆ ಯಾರು ಹರಿದ್ರು ಅಂತ ಬರೀಬೇಕು. ಅದು ಅಲ್ಲಿ ಎಲ್ಲರಿಗೂ ಗೊತ್ತಾಗುತ್ತೆ."

"ಬೇಡ ಮಗಳೇ," ಎಂದಳು ಮಾರ್ತಾ. "ಚಿತ್ರದಲ್ಲಿರೋದು ಯಾರು ಅಂತ ನಿಮ್ಮಪ್ಪನೇ ಹೆಸರು ಹೇಳ್ಲಿಲ್ಲ. ಒಂದೇ ರಕ್ತ."

ನುಹಾದ್ ಬಾಯಲ್ಲಿದ್ದುದನ್ನು ಟವೆಲಿಗೆ ಉಗಿದಳು. "ಬರ್ಕೊಳ್ಳಿ. ಹರಿದೋನು ಗತ್ತಾಸ್. ಚಿತ್ರ ಬರೆದೋರ ತಮ್ಮ. ಅದರಲ್ಲಿ ಸಿಗರೇಟು ಹಚ್ತಾ ಇರೋನೂ ಅವನೇ."

ವಜೀಹ್ ಬರೆದುಕೊಂಡ. ಮಾರ್ತಾ ಮೊಣಕಾಲೂರಿ ನೆಲ ಒರೆಸತೊಡಗಿದಳು.

ಸೀಳನ್ನು ಕೂಡಿಸಿಕೊಡುವುದಾಗಿ ಮಾರ್ಸೇಲ್‌ನವರು ಹೇಳಿದರು. ನುಹಾದ್ ಒಪ್ಪಲಿಲ್ಲ. ಬೇಸಿಗೆ ಮುಗಿಯುವವರೆಗೆ ಚಿತ್ರ ಅಲ್ಲಿ ಹಾಗೆಯೇ ತೂಗಿತು.