ಜಾಮೀನಿನ ಮೂರನೇ ಷರತ್ತು

ಒಂದು ಕಾಲು ಕೆಳಗಿನ ಮೆಟ್ಟಿಲ ಮೇಲೆ, ಒಂದು ಕಾಲು ಮೇಲಿನದರ ಮೇಲೆ ಇಟ್ಟುಕೊಂಡು ವಿಕಾಸ್ ಹಾಗೆಯೇ ನಿಂತುಬಿಟ್ಟ. ಫೋನು ಕಿವಿಯಲ್ಲಿತ್ತು. ಇನ್ನೊಂದು ಮಹಡಿ ಹತ್ತಿದರೆ ಅಪ್ಪನ ಹೆಣ.

"ಮ್ಯಾಲ ಹತ್ತಬ್ಯಾಡ್ರಿ, ಅಲ್ಲೇ ನಿಂದರ್ರಿ," ಎಂದಳು ವಕೀಲೆ ನಿಶಾ, ವಾಶಿಯ ತನ್ನ ಮನೆಯಿಂದ. ಆಕೆಯ ತವರು ಧಾರವಾಡದ ಕಡೆ. "ದಯಾನಂದ ಅವರು ಅಲ್ಲೇ ಕುಂತಾರಂತೀರಿ. ಅವರಿರೂ ತನಕ ನೀವು ಒಳಗ ಕಾಲಿಟ್ರ ಜಾಮೀನಿನ ಮೂರನೇ ಷರತ್ತು ಮುರದಂಗ."

"ನಮ್ಮ ಪಪ್ಪ ಹೋಗಿದ್ದಾರೆ ಮೇಡಂ."

"ಗೊತ್ತದರೀ ನನಗ. ಆದ್ರ ಇವತ್ತ ಆದಿತ್ಯವಾರ, ಯಾವ ಜಡ್ಜ್ ಸಿಗತಾರ? ಬಿಲ್ಡಿಂಗಿಗೆ ಬರಾಕ ಪೊಲೀಸ್ ಸ್ಟೇಷನ್ನಿಗೆ ಹೇಳೇನಿ, ಹೂಂ ಅಂದಾರ. ದಯಾನಂದ ಅವರ ಎದುರಿಗೆ ಮಾತ್ರ ಹೋಗಬ್ಯಾಡ್ರಿ, ಮಾತಾಡಬ್ಯಾಡ್ರಿ. ಯಾರರ ವಿಡಿಯೋ ತಗದು ಹಾಕಿದ್ರ ಜಾಮೀನು ಹೋಗತದ. ನಿಮ್ಮನ್ನ ಮತ್ತ ತಗೋಳೂದೋ ಬ್ಯಾಡೋ ಅಂತ ಬರೂ ತಿಂಗಳ ಲೀಗಿನ ಕಮಿಟಿ ಕುಂಡ್ರತದ, ಆ ಆಶಾನೂ ಹೋಗತದ."

ಸಾವಿನ ಮನೆಗೆ ಹೋಗಲಿಕ್ಕೂ ಕೋರ್ಟಿನ ಅಪ್ಪಣೆ ಬೇಕೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಕೋರ್ಟು ಆ ಷರತ್ತನ್ನು ಸುಮ್ಮನೆ ಹಾಕಿರಲಿಲ್ಲ. ವಿಕಾಸ್ ಕಬಡ್ಡಿ ಲೀಗಿನ ರೈಡರ್ ಆಗಿದ್ದವನು. ಮೂರು ವರ್ಷದ ಹಿಂದೆ ದಯಾನಂದನಿಗೆ ಹೊಡೆದ; ಅವನ ದವಡೆ ಮುರಿಯಿತು, ಎಡಗಿವಿ ಪೂರ್ತಿ ಹೋಯಿತು. ಹದಿನಾಲ್ಕು ತಿಂಗಳ ಹಿಂದೆ ಕೋರ್ಟು ಎರಡು ವರ್ಷದ ಶಿಕ್ಷೆ ಕೊಟ್ಟಿತು. ಮೇಲಿನ ಕೋರ್ಟು ಶಿಕ್ಷೆಯನ್ನು ತಡೆಹಿಡಿದು ಜಾಮೀನು ಕೊಟ್ಟಿತು. ದೂರುದಾರನನ್ನು ಭೇಟಿಯಾಗಬಾರದು, ಅವನೊಡನೆ ಮಾತಾಡಬಾರದು, ಇನ್ನೊಬ್ಬರ ಬಾಯಲ್ಲಿ ಹೇಳಿಸಲೂ ಬಾರದು ಎಂದು ಮೂರನೇ ಷರತ್ತು ಹಾಕಿತು. ಲೀಗಿನವರು ಮೂರು ಸಾಲಿನ ಪತ್ರದಲ್ಲಿ ಕರಾರು ರದ್ದುಮಾಡಿದರು. ಮೇಲ್ಮನವಿ ಮುಗಿಯುವವರೆಗೆ ಆಡುವಂತಿಲ್ಲ, ಅಭ್ಯಾಸಕ್ಕೂ ಹೋಗುವಂತಿಲ್ಲ, ಸ್ಟೇಡಿಯಮ್ಮಿನ ಬಾಗಿಲು ದಾಟುವಂತಿಲ್ಲ.

ಠಾಣೆ ಊರಿನ ವರ್ತಕ ನಗರದ ಆ ಕಟ್ಟಡದಲ್ಲಿ ದಯಾನಂದನದು ಎದುರು ಮನೆ. ಹಾಗಾಗಿ ವಿಕಾಸನೇ ಮನೆ ಬಿಡಬೇಕಾಯಿತು. ಡೊಂಬಿವಲಿಯಲ್ಲಿ ಒಂದು ಬಾಡಿಗೆ ಕೋಣೆ, ಉಲ್ಹಾಸನಗರದ ಒಂದು ಜಿಮ್ಮಿನಲ್ಲಿ ಬಟ್ಟೆ ವ್ಯಾಪಾರಿಗಳ ಹೊಟ್ಟೆ ಕರಗಿಸುವ ಕೆಲಸ.

ಪುಂಡರೀಕಾಕ್ಷ ರಾಯರು ಮೇಲಿನಿಂದ ಇಳಿದುಬಂದರು. ನೌಪಾಡಾದ ಹೋಟೆಲಿನ ಧಣಿ. ವಿಕಾಸನ ಅಪ್ಪ ಗುರುವಪ್ಪ ಅವರಲ್ಲಿ ಮೂವತ್ತೊಂದು ವರ್ಷ ದೋಸೆ ಹುಯ್ದವನು. ದಯಾನಂದ ಅಷ್ಟೇ ವರ್ಷ ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂತವನು. ಬೆಳಿಗ್ಗೆ ಏಳೂವರೆಗೆ, ಭಾನುವಾರದ ಗಿರಾಕಿಗಳು ಬಾಗಿಲವರೆಗೆ ನಿಂತಿದ್ದಾಗ, ಗುರುವಪ್ಪ ತವಾದ ಎದುರು ಎದೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಇಲ್ಲೇ ನಿಲ್ಲು ಮಾಣಿ," ರಾಯರು ವಿಕಾಸನ ಹೆಗಲು ತಟ್ಟಿದರು. "ದಯಾನಂದನಿಗೆ ನಾನು ಮೆಲ್ಲ ಹೇಳ್ತೇನೆ. ಒಂದರ್ಧ ಗಂಟೆ ಆಚೆ ಹೋಗಿ ಬಾ ಅಂತ. ಯಾರಿಗೂ ಗೊತ್ತಾಗುದು ಬೇಡ."

ಮೆಲ್ಲ ಹೇಳುವ ಯೋಚನೆ ಒಳ್ಳೆಯದೇ. ಆದರೆ ಕಿವಿ ಹೋದವನಿಗೆ ಮೆಲ್ಲ ಹೇಳುವುದು ಹೇಗೆ ಎಂದು ಪಾಪ, ರಾಯರು ಯೋಚಿಸಿರಲಿಲ್ಲ. ಮೆಟ್ಟಿಲಲ್ಲಿ ನಿಂತ ವಿಕಾಸನಿಗೆ ಎಲ್ಲ ಕೇಳಿಸಿತು. ಮೊದಲು ರಾಯರ ಗುಸುಗುಸು.

"ಎಂತ ಧಣಿ? ಜೋರು ಹೇಳಿ. ಈ ಬದಿ ಕೇಳುದಿಲ್ಲ."

ಮತ್ತೆ ಗುಸುಗುಸು, ಸ್ವಲ್ಪ ಗಟ್ಟಿಯಾಗಿ.

"ಯಾರು ಬಂದದ್ದು?"

"ವಿಕಾಸ್!" ರಾಯರು ಕಡೆಗೆ ಕೂಗಿಯೇ ಹೇಳಬೇಕಾಯಿತು. "ವಿಕಾಸ್ ಕೆಳಗೆ ನಿಂತಿದ್ದಾನೆ! ನೀನು ಇರುವಾಗ ಅವ ಬರ್ಲಿಕ್ಕಿಲ್ಲ! ಕೋರ್ಟಿನ ಆರ್ಡರ್!"

ಅಳುತ್ತಿದ್ದ ಹೆಂಗಸರೂ ಸುಮ್ಮನಾದರು. ವಿಕಾಸ್ ಮೆಟ್ಟಿಲಿನ ಕಬ್ಬಿಣದ ಕಂಬಿ ಹಿಡಿದುಕೊಂಡ. ಈ ಮೂರು ವರ್ಷಗಳಲ್ಲಿ ವೈದ್ಯರ ವರದಿಯನ್ನು ಅವನು ಹತ್ತು ಸಲ ಓದಿದ್ದ, ಅದರಲ್ಲಿ ತಪ್ಪು ಹುಡುಕಲಿಕ್ಕೆ. ಆ ಕಿವಿ ಕೇಳುವುದಿಲ್ಲ ಎಂದರೆ ಏನೆಂದು ಅವನಿಗೆ ತಿಳಿದದ್ದು ಈಗ.

"ನಾನು ಎಲ್ಲಿಗೆ ಹೋಗುದು ಧಣಿ?" ದಯಾನಂದನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಆಂಬುಲೆನ್ಸಿನಲ್ಲಿ ಇವನ ಕೈ ಹಿಡ್ಕೊಂಡಿದ್ದದ್ದು ನಾನು. ಇನ್ನೂ ಬಿಡ್ಲಿಕ್ಕೆ ಆಗ್ತಾ ಇಲ್ಲ ನನಗೆ."

"ದಯಾನಂದಣ್ಣ ಎಲ್ಲಿಗೂ ಹೋಗುದು ಬೇಡ." ಅದು ಅಮ್ಮ, ಲೋಲಾಕ್ಷಿ.

ಹೆತ್ತವಳ ಬಾಯಿಂದ ಆ ಮಾತು ಬಂದಾಗ ವಿಕಾಸ್ ಮೇಲಿನ ಮೆಟ್ಟಿಲಿನಿಂದ ಕಾಲು ಕೆಳಗಿಳಿಸಿದ. ತಾನು ಇಳಿದು ಹೋಗುವುದೇ ಸರಿಯೇನೋ ಎಂದುಕೊಂಡ.

ದಯಾನಂದನೇ ಹೇಳಿದ: "ಹಾಗಲ್ಲ ಲೋಲಾಕ್ಷಿ. ಮಗ ಬಾರದೆ ಬಾಯಿಗೆ ನೀರು ಬಿಡುದು ಯಾರು? ನಾನು ನಮ್ಮ ಮನೆಯಲ್ಲಿ ಬಾಗಿಲು ಹಾಕಿ ಕೂತ್ಕೊಳ್ತೇನೆ. ಎತ್ತುವಾಗ ಕರೀರಿ. ಕರೆಯುವುದಾದ್ರೆ ಬಲದ ಬದಿ ಬಂದು ಕರೀರಿ."

*

ಮೂರು ವರ್ಷದ ಹಿಂದೆ ಇದೇ ಕಟ್ಟಡದ ಅಂಗಳದಲ್ಲಿ ಶಾಮಿಯಾನ ಹಾಕಿ ವಿಕಾಸನಿಗೆ ಸನ್ಮಾನ ಇಟ್ಟಿದ್ದರು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ತಂಡ ಫೈನಲ್ ಸೋತು ಬಂದಿತ್ತು. ಕೊನೆಯ ರೈಡಿನಲ್ಲಿ ವಿಕಾಸ್ ಯಾರೂ ಮುಟ್ಟದೆ ತಾನೇ ಗೆರೆಯಾಚೆ ಕಾಲಿಟ್ಟು ಔಟಾಗಿದ್ದ. ಆ ಸುದ್ದಿಯನ್ನು ಯಾರೂ ಎತ್ತಲಿಲ್ಲ, ದಯಾನಂದ ಎತ್ತಿದ.

ಎತ್ತುವ ಹಕ್ಕು ತನಗಿದೆ ಎಂದೇ ಅವನು ತಿಳಿದಿದ್ದ. ಏಳು ವರ್ಷದ ವಿಕಾಸನನ್ನು ಮೈದಾನಕ್ಕೆ ಕರೆದೊಯ್ದು ಮಂಡಿ ತರಚಿಸಿದವನು ಅವನು. ಹೋಟೆಲಿನಲ್ಲಿ ಟಿವಿಗೆ ಬೆನ್ನು ಹಾಕಿ ನಿಂತು ದೋಸೆ ಹುಯ್ಯುವ ಗುರುವಪ್ಪನಿಗೆ ಮಗನ ಪಂದ್ಯವನ್ನು ಗಲ್ಲಾದಿಂದ ಕೂಗಿ ಹೇಳುತ್ತಿದ್ದವನೂ ಅವನೇ. "ಗುರುವಪ್ಪಾ, ಎರಡು ಪಾಯಿಂಟ್!" ಎಂದು ಕೂಗಿದರೆ ಆ ಹೊತ್ತಿಗೆ ತವಾದ ಮೇಲಿದ್ದ ದೋಸೆಗೆ ಒಂದು ಚಮಚ ತುಪ್ಪ ಹೆಚ್ಚು ಬೀಳುತ್ತಿತ್ತು. ಗಿರಾಕಿ ಯಾರಾದರೂ ಆಗಲಿ.

"ಅಲ್ಲ ಮಾರಾಯ," ಮೈಕಿನಲ್ಲೇ ಕೇಳಿದ ದಯಾನಂದ, "ಕೊನೆಗೆ ಯಾಕೆ ಹಾಗೆ ಓಡಿದ್ದು? ಹಿಂದಿನಿಂದ ನಾಯಿ ಗೀಯಿ ಬಂತಾ?"

ಅಂಗಳವೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಗುರುವಪ್ಪನೂ ನಕ್ಕ. ನೋವು ಇನ್ನೂ ಹಸಿಯಾಗಿತ್ತು, ಕುಡಿದದ್ದೂ ಇತ್ತು, ಎಂದು ವಿಕಾಸನ ಪರವಾಗಿ ಆಮೇಲೆ ಎಷ್ಟೋ ಜನ ಹೇಳಿದರು. ಅವನು ಕುಡಿದಿರಲಿಲ್ಲ. ಒಂದೇ ಏಟು, ಎಡಗಿವಿಯ ಮೇಲೆ. ದಯಾನಂದ ವೇದಿಕೆಯ ಕಬ್ಬಿಣದ ಅಂಚಿಗೆ ದವಡೆ ಬಡಿದು ಬಿದ್ದ. ಆಂಬುಲೆನ್ಸ್ ಬರುವ ಮೊದಲೇ ವಿಡಿಯೋ ಲೀಗಿನವರ ಕೈ ಸೇರಿತ್ತು.

*

ಎದುರು ಮನೆಯ ಬಾಗಿಲು ಮುಚ್ಚಿತ್ತು. ವಿಕಾಸ್ ಅದರ ಮುಂದಿನಿಂದ ಹಾದು ಒಳಗೆ ಹೋದ.

ಅಪ್ಪನನ್ನು ಹಾಲಿನಲ್ಲಿ ಬಾಳೆಲೆಯ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ದೀಪ, ತೆಂಗಿನಕಾಯಿ. ಮುಖದಲ್ಲಿ ಅಂಥ ಬದಲಾವಣೆ ಇರಲಿಲ್ಲ. ಮಧ್ಯಾಹ್ನ ಹೋಟೆಲಿನ ಹಿಂದೆ ಅಕ್ಕಿಚೀಲಕ್ಕೆ ಒರಗಿ ಅರ್ಧ ಗಂಟೆ ಮಲಗಿದವನ ಹಾಗೆಯೇ ಇದ್ದ. ಅಡುಗೆಮನೆಯ ಬಾಗಿಲಲ್ಲಿ ಹೋಟೆಲಿನ ಹಳಬ ಮಹಾದೇವಪ್ಪ ಕಣ್ಣೊರೆಸಿಕೊಳ್ಳುತ್ತ ಪಕ್ಕದವರಿಗೆ ಹೇಳುತ್ತಿದ್ದ.

"ಆಧಾರ್ ಮಾಡಸಾಕ ಹೋದ್ರ ಆ ಮಷೀನಿಗೆ ಇವನ ಬೆರಳೇ ಸಿಗಲಿಲ್ಲ ನೋಡ್ರಿ. ನಾಕು ಸಲ ಒತ್ತಿಸಿದ್ರು. 'ಕ್ಯಾ ಹುವಾ ಅಂಕಲ್' ಅಂದ್ರ, 'ಗೆರಿ ತವಾ ತಿಂದದ' ಅಂದ. ನಕ್ಕೋಂತ ಹೊರಗ ಬಂದ."

ನಗಬಾರದ ಹೊತ್ತಿನಲ್ಲಿ ಒಂದಿಬ್ಬರು ನಕ್ಕರು. ಲೋಲಾಕ್ಷಿಯ ತುಟಿಯೂ ಅಲುಗಿತು. ಅವಳು ತುಳಸಿ ಹಾಕಿದ ನೀರಿನ ಲೋಟವನ್ನು ಮಗನ ಕೈಗೆ ಕೊಟ್ಟಳು.

"ಬಿಡು ಮಗಾ. ನಿನಗೇಂತ ಕಾದದ್ದು."

ವಿಕಾಸ್ ನೀರು ಬಿಟ್ಟ. ಅದು ತುಟಿಯ ಅಂಚಿನಿಂದ ಇಳಿದುಹೋಯಿತು. ಅವನು ಅದನ್ನು ಅಂಗೈಯಲ್ಲಿ ಒರೆಸಿದ.

"ಅಮ್ಮ, ನನ್ನನ್ನು ಹೊರಗೆ ನಿಲ್ಲಿಸಿದಿ."

"ಹೌದು." ಲೋಲಾಕ್ಷಿ ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ. "ನಿನ್ನ ಪಪ್ಪ ಮೂರು ತಿಂಗಳು ದಿನಾ ಗಂಜಿ ಬೇಯಿಸಿ, ನುರಿಸಿ, ಆ ಮನೆಗೆ ತಕೊಂಡು ಹೋಗ್ತಿದ್ರು. ದಯಾನಂದಣ್ಣನಿಗೆ ಬಾಯಿ ತೆರೀಲಿಕ್ಕೆ ಆಗ್ತಿರ್ಲಿಲ್ಲ. ಶುರುವಿಗೆ ಅವರು ಬಾಗಿಲು ತೆಗೀಲಿಲ್ಲ. ಪಪ್ಪ ಹೊಸ್ತಿಲಲ್ಲಿ ಇಟ್ಟು ಬರ್ತಿದ್ರು. ಹನ್ನೊಂದನೇ ದಿನ ಬಾಗಿಲು ತೆಗೆದ್ರು. ಅಂಥವರನ್ನು ನಾನು ಇವತ್ತು ಎದ್ದು ಹೋಗಿ ಅನ್ಬೇಕಾ?"

ಅಮ್ಮ ಅವನ ತಲೆಯನ್ನು ಎದೆಗೆ ಎಳೆದುಕೊಂಡಳು. ಆರಡಿ ಎತ್ತರದ ಮಗ ಅವಳ ಸೆರಗಿನಲ್ಲಿ ಮುಖ ಹುಗಿಸಿ ಸದ್ದು ಮಾಡಿಯೇ ಅತ್ತ.

*

ಕೇಸು ವಿಚಾರಣೆಗೆ ಬಂದಾಗ ಅಂಗಳದಲ್ಲಿದ್ದ ನಲವತ್ತು ಜನರಲ್ಲಿ ಯಾರೂ ಏನೂ ನೋಡಿರಲಿಲ್ಲ. ಒಬ್ಬರು ಊಟದ ತಟ್ಟೆ ಹಿಡಿದಿದ್ದರು, ಒಬ್ಬರು ಮಗುವಿಗೆ ಉಚ್ಚೆ ಹೊಯ್ಯಿಸಲು ಹೋಗಿದ್ದರು. ವಿಡಿಯೋದಲ್ಲಿ ತಲೆಗಳೇ ಅಡ್ಡ ಬಂದಿದ್ದವು. ದಯಾನಂದನೇ ಮೊದಲು ಕೈ ಎತ್ತಿದ ಎಂಬ ವಾದ ಇನ್ನೇನು ನಿಲ್ಲುವುದರಲ್ಲಿತ್ತು. ಆಗ ಗುರುವಪ್ಪ ಕಟಕಟೆ ಹತ್ತಿದ.

"ದಯಾನಂದ ಕೈ ಎತ್ತಲಿಲ್ಲ. ನಕ್ಕ ಅಷ್ಟೆ. ನಾನೂ ನಕ್ಕಿದ್ದೆ. ನನ್ನ ಮಗ ಹೊಡೆದ."

ಅಲ್ಲಿಂದ ವಿಕಾಸ್ ಅಪ್ಪನೊಡನೆ ಮಾತು ಬಿಟ್ಟ. ಗುರುವಪ್ಪ ಬಿಡಲಿಲ್ಲ. ಪ್ರತಿ ಮಂಗಳವಾರ ಮಧ್ಯಾಹ್ನದ ಗಿರಾಕಿ ಕಳೆದ ಮೇಲೆ ಠಾಣೆಯಿಂದ ಸ್ಲೋ ಲೋಕಲ್ ರೈಲು ಹಿಡಿದು ಡೊಂಬಿವಲಿಗೆ ಬರುತ್ತಿದ್ದ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂರುತ್ತಿದ್ದ. ಲೋಲಾಕ್ಷಿ ಮಾಡಿದ ಬಂಗುಡೆ ಸಾರಿನ ಡಬ್ಬಿ ಕೊಡುತ್ತಿದ್ದ, ಮಗ ತೊಳೆದು ತಂದ ಹಳೆಯ ಡಬ್ಬಿ ಪಡೆಯುತ್ತಿದ್ದ. ಹೋಟೆಲಿನ ಸುದ್ದಿ ತಾನೇ ಹೇಳಿ ತಾನೇ ಹೂಂಗುಟ್ಟುತ್ತಿದ್ದ. ಹೀಗೆ ವರ್ಷ ಮೇಲಾಯಿತು.

ಹೋದ ಮಂಗಳವಾರ ವಿಕಾಸನೇ ಬಾಯಿ ತೆರೆದ. "ಒಂದು ಸುಳ್ಳು ಹೇಳಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು ಪಪ್ಪ? ಬೇರೆ ಯಾರೂ ಹೇಳ್ಲಿಲ್ಲ."

ಗುರುವಪ್ಪ ಮಗನ ಮುಖವನ್ನೇ ನೋಡಿದ. ಬೈಗುಳವಾದರೂ ಸರಿ, ಮಗ ಮಾತಾಡಿದನಲ್ಲ ಎಂಬ ಸಂತೋಷ ಅವನ ಕಣ್ಣಲ್ಲಿತ್ತು.

"ಬೇರೆಯವರ ಮಗ ಆಗಿದ್ರೆ ನಾನೂ ಸುಮ್ಮನಿರ್ತಿದ್ದೆನೋ ಏನೋ. ನೀನು ನನ್ನ ಮಗ ಅಲ್ವಾ? ನೀನು ಸುಳ್ಳಿನ ಮೇಲೆ ನಿಂತು ಆಡುದು ನನಗೆ ನೋಡ್ಲಿಕ್ಕೆ ಆಗ್ತಿರ್ಲಿಲ್ಲ." ಲೋಕಲ್ ಬಂತು. ಎದ್ದು ನಿಂತು ಹೇಳಿದ: "ದಯಾನಂದನತ್ರ ನಿನಗೊಂದು ಮಾತು ಹೇಳ್ಲಿಕ್ಕುಂಟು. ಈಗ ಕೋರ್ಟು ಬಿಡುದಿಲ್ಲ. ಬಿಟ್ಟ ದಿನ ಮೊದಲು ಅದು ಮಾಡು. ಕಬಡ್ಡಿ ಆಮೇಲೆ."

ಆಯಿತು ಎನ್ನಲಿಲ್ಲ ವಿಕಾಸ್. ಮುಂದಿನ ಮಂಗಳವಾರ ಹೇಳಿದರಾಯಿತು ಎಂದುಕೊಂಡ.

*

ರಾಯರು ಎಲ್ಲ ಯೋಚಿಸಿ ವ್ಯವಸ್ಥೆ ಮಾಡಿದ್ದರು. ಕೆಂಡದ ಮಡಕೆ ಹಿಡಿದು ಮಗ ಎಲ್ಲರಿಗಿಂತ ಮುಂದೆ. ಹಾಗೆ ಹೋಗುವವನು ಹಿಂದೆ ನೋಡಬಾರದೆಂಬುದು ಶಾಸ್ತ್ರ. ದಯಾನಂದ ಚಟ್ಟದ ಹಿಂಬದಿಗೆ ಹೆಗಲು ಕೊಟ್ಟ. "ಕೋರ್ಟೂ ಉಳೀತು, ಶಾಸ್ತ್ರವೂ ಉಳೀತು," ಎಂದು ರಾಯರು ತಮಗೆ ತಾವೇ ಹೇಳಿಕೊಂಡರು.

ಸ್ಮಶಾನದಲ್ಲಿ ಕಟ್ಟಿಗೆಯ ಮೇಲೆ ಅಪ್ಪನನ್ನು ಇಟ್ಟಾಯಿತು. ಒದ್ದೆ ಪಂಚೆಯಲ್ಲಿ ನಿಂತ ವಿಕಾಸನ ಎಡಹೆಗಲ ಮೇಲೆ ಮರಾಠಿ ಗುರೂಜಿ ನೀರು ತುಂಬಿದ ಮಡಕೆ ಇರಿಸಿದರು. ಅದನ್ನು ಹೊತ್ತು ಚಿತೆಗೆ ಮೂರು ಸುತ್ತು ಬರಬೇಕು; ಸುತ್ತಿಗೊಂದರಂತೆ ಹಿಂದೆ ನಡೆಯುವವರು ಕಲ್ಲಿನಿಂದ ಮಡಕೆಗೆ ತೂತು ಮಾಡಬೇಕು.

"ಭಾವೂ ಕೋಣ್ ಆಹೇ? ತೀರಿದವರ ಅಣ್ಣನೋ ತಮ್ಮನೋ ಯಾರು?" ಗುರೂಜಿ ಕಲ್ಲು ಹಿಡಿದು ಸುತ್ತ ನೋಡಿದರು.

ಊರಲ್ಲಿ ಒಬ್ಬ ತಮ್ಮನಿದ್ದ, ಅವನು ಬರುವಾಗ ನಾಳೆ ಆದೀತು. ಯಾರೂ ಮುಂದೆ ಬರಲಿಲ್ಲ.

"ನಾನಿದ್ದೇನೆ," ಎಂದಿತು ವಿಕಾಸನ ಬೆನ್ನ ಹಿಂದಿನ ಧ್ವನಿ.

"ದಯಾನಂದ, ಬೇಡ," ರಾಯರು ಧಾವಿಸಿದರು. "ಕೋರ್ಟು..."

"ಅವ ನನ್ನ ನೋಡುದಿಲ್ಲ. ನಾನು ಅವನತ್ರ ಮಾತಾಡುದಿಲ್ಲ. ಗುರುವಪ್ಪನ ಕೆಲಸ ಇದು ಧಣಿ. ಮಾಡ್ಲಿಕ್ಕೆ ಬಿಡಿ ನನಗೆ."

ಅಪ್ಪ ಹೇಳು ಎಂದಿದ್ದ ಆ ಒಂದು ಮಾತು ವಿಕಾಸನ ನಾಲಿಗೆಗೆ ಬಂತು. ಹೇಳಿಬಿಡುತ್ತೇನೆ, ಜಾಮೀನು ಹೋದರೆ ಹೋಗಲಿ, ಲೀಗು ಹಾಳಾಗಲಿ ಎಂದು ಕುತ್ತಿಗೆ ತಿರುಗಿಸಹೋದ.

"ಮಾಗೇ ಬಘೂ ನಕೋಸ್!" ಗುರೂಜಿ ಗದರಿದರು. "ಹಿಂದೆ ನೋಡಬೇಡ. ನಡಿ."

ನಡೆದ. ಹಿಂದೆ ಕಲ್ಲು ಹಿಡಿದ ಮನುಷ್ಯನ ಉಸಿರು ಕೇಳುತ್ತಿತ್ತು. ಹೆಗಲು, ಕತ್ತು, ಬೆನ್ನು ಎಲ್ಲ ತಾವಾಗಿಯೇ ಬಿಗಿದುಕೊಂಡವು. ಎಷ್ಟೋ ರೈಡುಗಳಲ್ಲಿ ಬೆನ್ನಿಗೆ ಬಿದ್ದ ಎದುರಾಳಿಗಳು ಅವನನ್ನು ಹೀಗೆ ಬಿಗಿದುಕೊಳ್ಳುವಂತೆ ಮಾಡಿರಲಿಲ್ಲ. ಚಿತೆಯ ತಲೆಯ ಕಡೆ ಬಂದಾಗ ಗುರೂಜಿ "ಮಾರಾ, ಹೊಡೆಯಿರಿ" ಎಂದರು. ವಿಕಾಸ್ ಕಣ್ಣು ಮುಚ್ಚಿದ.

ಕಲ್ಲು ಬೀಳಲಿಲ್ಲ. ಮೊದಲು ಒಂದು ಅಂಗೈ ಬಂತು. ಮಡಕೆಗೂ ಅವನ ಎಡಗಿವಿಗೂ ನಡುವೆ ತೂರಿ, ಕಿವಿಯನ್ನು ಪೂರ್ತಿ ಮುಚ್ಚಿ ಹಿಡಿಯಿತು. ಆಮೇಲೆ ಬಿತ್ತು ಕಲ್ಲು, ಮೆಲ್ಲಗೆ. ತಣ್ಣನೆಯ ನೀರು ವಿಕಾಸನ ಬರಿಬೆನ್ನ ಮೇಲೆ ಇಳಿಯತೊಡಗಿತು. ಎರಡನೇ ಸುತ್ತಿನಲ್ಲೂ ಆ ಕೈ ಅಲ್ಲಿಂದ ಕದಲಲಿಲ್ಲ, ಮೂರನೆಯದರಲ್ಲೂ.