ಹತ್ತಲು ದಾರಿಯಿಲ್ಲದ ಕೊಳ

ಮನೆ ನೋಡಲು ಹೋದ ದಿನವೇ ಆ ಕೊಳ ಗಿರಿಜವ್ವನ ಎದೆಯಲ್ಲಿ ಕೂತುಬಿಟ್ಟಿತ್ತು. ಶಿರಸಿಯಲ್ಲಿ ಬನವಾಸಿ ರಸ್ತೆಯ ಕಡೆ, ಊರು ಮುಗಿಯುವಲ್ಲಿ, ಮುಂಬಯಿಯ ಮರದ ನಾಟಾ ವ್ಯಾಪಾರಿಯೊಬ್ಬ ಶೋಕಿಗೆ ಕಟ್ಟಿಸಿದ ಬಂಗಲೆ ಅದು. ಅಗಲವಾದ ಪಡಸಾಲೆ, ಬಣ್ಣದ ಗಾಜಿನ ಕಿಟಕಿ; ಗಂಡ ಹೊಸದಾಗಿ ಇಟ್ಟ ಮೆಣಸಿನಕಾಯಿ ಅಂಗಡಿಗೂ ಹತ್ತಿರ, ಮಗಳ ಶಾಲೆಗೂ ಹತ್ತಿರ. ಹೆಸರಿಡುವಂತಿರಲಿಲ್ಲ. ಆದರೆ ಹಿಂಬಾಗಿಲು ತೆಗೆದರೆ ಹಿತ್ತಲು ಇರಬೇಕಾದ ಜಾಗದಲ್ಲಿ ನೀರು. ಸಿಮೆಂಟು ಬಳಿದ ಉದ್ದನೆಯ ಗುಂಡಿ, ಸುತ್ತ ಒಂದು ಕಟ್ಟೆ ಸಹ ಇಲ್ಲ. ಉದುರಿದ ಎಲೆಗಳು ಮುಚ್ಚಿಕೊಂಡು ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದೇ ಕಾಣುತ್ತಿರಲಿಲ್ಲ.

ಗಂಡ ಶಿವಲಿಂಗಪ್ಪ ಮಾತ್ರ ಹುಡುಗನಂತೆ ಹಿಗ್ಗಿದ. “ಈಜೋ ಕೊಳ ನೋಡ! ಇಡೀ ಶಿರಸ್ಯಾಗ ಯಾರ ಮನ್ಯಾಗ ಐತಿ ಹೇಳು?” ಗುಡ್ನಾಪುರದ ಕೆರೆ ದಂಡೆಯಲ್ಲಿ ಹುಟ್ಟಿ ಬೆಳೆದವನು. ನಡೆಯುವುದಕ್ಕಿಂತ ಮೊದಲು ಈಜು ಕಲಿತೆ ಎಂದು ಹೇಳಿಕೊಳ್ಳುತ್ತಿದ್ದ.

“ಐದು ವರ್ಷದ ಹುಡುಗಿ ಐತ್ರಿ ನಮ್ಮನ್ಯಾಗ,” ಎಂದಳು ಗಿರಿಜವ್ವ. ಅಷ್ಟರಲ್ಲಿ ಮಗಳು ವಿನೋದಾ ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಎಲೆ ಎಳೆಯುತ್ತಿದ್ದಳು. ಗಿರಿಜವ್ವ ಓಡಿಹೋಗಿ ರಟ್ಟೆ ಹಿಡಿದು ಎಳೆದಳು.

ಖರೀದಿಯ ಕಾಗದ ಆಗುವವರೆಗೆ ಇದ್ದು ನೋಡಿ ಎಂದು ವ್ಯಾಪಾರಿ ಕೀಲಿ ಕೊಟ್ಟ. ಮನೆ ತುಂಬಿದ ಮೇಲೆ ಮುನ್ಸಿಪಾಲ್ಟಿಯಿಂದ ಇನ್ಸ್‌ಪೆಕ್ಟರ್ ಅಬ್ದುಲ್ ರಜಾಕ್ ಸಾಹೇಬರು ಬಂದರು. ಸಣಕಲು ಮನುಷ್ಯ, ಮೆತ್ತಗಿನ ಮಾತು. ಕೊಳದ ಸುತ್ತ ಒಂದು ಸುತ್ತು ಹಾಕಿ, ಅಂಚಿನಲ್ಲಿ ತುಕ್ಕು ಹಿಡಿದು ಮುರಿದ ಕಬ್ಬಿಣದ ತುಂಡುಗಳನ್ನು ಛತ್ರಿಯ ತುದಿಯಿಂದ ಮುಟ್ಟಿದರು.

“ಇಲ್ಲೊಂದು ಏಣಿ ಇತ್ತು. ಯಾರೋ ಕಿತ್ಗೊಂಡು ಹೋಗ್ಯಾರ. ಸಾವ್ಕಾರ್ರೆ, ಕಾಯ್ದೆ ಪ್ರಕಾರ ಸುತ್ತ ಸೊಂಟದ ಎತ್ತರ ಗೋಡಿ ಬೇಕು, ಇಳಿಯಾಕ ಮೆಟ್ಲ ಬೇಕು. ಇದರಾಗ ಎರಡೂ ಇಲ್ಲ. ಅವು ಆಗೂತನ ಮನಿ ನಿಮ್ಮ ಹೆಸರಿಗೆ ಮಾಡಾಕ ನಾ ಒಪ್ಪಿಗಿ ಕೊಡಾಂಗಿಲ್ಲ.”

“ಮೆಟ್ಲ ಯಾಕ್ರಿ? ಕೈ ಊರಿ ಹತ್ತಿದ್ರಾತು,” ಎಂದು ಶಿವಲಿಂಗಪ್ಪ ನಕ್ಕ. ಸಾಹೇಬರು ನಗಲಿಲ್ಲ.

ವ್ಯಾಪಾರಿ ಇದ್ದದ್ದು ಇದ್ದಂತೆಯೇ ಮಾರುವುದೆಂದು ಹಟ ಹಿಡಿದ. ಶಿವಲಿಂಗಪ್ಪನೋ ಮುನ್ಸಿಪಾಲ್ಟಿಯಲ್ಲಿ ಯಾರನ್ನು ಹಿಡಿದರೆ ಕೆಲಸವಾದೀತೆಂದು ಓಡಾಡಿದ. “ಗೋಡಿ ಒಂದು ಕಟ್ಟಸ್ರಿ” ಎಂದರೆ, “ಮನಿ ನಮ್ಮದಾಗ್ಲಿ ತಡಿ” ಎನ್ನುತ್ತಿದ್ದ.

ಆ ದಿನಗಳಲ್ಲಿ ಗಿರಿಜವ್ವ ಹಿಂಬಾಗಿಲಿನ ಮೇಲಿನ ಚಿಲಕ ಹಾಕಿ, ಕೆಳಗೆ ಅಕ್ಕಿಚೀಲ ಒತ್ತಿಡುತ್ತಿದ್ದಳು. ರೊಟ್ಟಿ ಬಡಿಯುತ್ತ ನಡುನಡುವೆ “ವಿನೋದಾ” ಎಂದು ಕೂಗುವಳು. “ಓ” ಎಂಬ ದನಿ ಬರುವುದು ತುಸು ತಡವಾದರೆ ಹಿಟ್ಟಿನ ಕೈಯಲ್ಲೇ ಓಡುವಳು. ಕೊನೆಗೆ, ಕೊಳವನ್ನಾದರೂ ಖಾಲಿ ಮಾಡಿಸಿ ಎಂದು ಗಂಡನ ಬೆನ್ನುಬಿದ್ದಳು. ಅವನು ಬೇಸರದಿಂದಲೇ ತಳದ ತೂಬು ತೆಗೆಸಿದ. ಅರ್ಧ ನೀರು ಹೋಗುವಷ್ಟರಲ್ಲಿ ಕೆಸರು ಕಟ್ಟಿ ನಿಂತುಹೋಯಿತು.

ಯುಗಾದಿ ಕಳೆದ ಮೇಲಿನ ಒಂದು ಭಾನುವಾರ. ಸುಡುಬಿಸಿಲು. ಉಂಡು ಶಿವಲಿಂಗಪ್ಪ ಪಡಸಾಲೆಯಲ್ಲಿ ಅಡ್ಡಾದ. ಗಿರಿಜವ್ವ ಎಂದಿನಂತೆ ಚಿಲಕ ಹಾಕಿ ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡಳು. ಕಣ್ಣು ಹತ್ತಿತ್ತೋ ಇಲ್ಲವೋ, ವಿನೋದಾ ಗಲ್ಲ ತಟ್ಟಿದಳು.

“ಅವ್ವಾ, ಅಪ್ಪ ಒದರಾಕತ್ತಾನ.”

“ಸುಮ್ನ ಮಲಕ್ಕೋ. ಅಪ್ಪ ಪಡಸಾಲ್ಯಾಗ ಮಲಗ್ಯಾನ.” ಬಾಗಿಲು ತೆಗೆಸಲು ಮಗಳು ಇಂಥ ನೆವಗಳನ್ನು ಹಿಂದೆಯೂ ಹೂಡಿದ್ದಳು.

“ಇಲ್ಲಬೇ. ಹಿಂದ ಅದಾನ.”

ಗಿರಿಜವ್ವ ಉಸಿರು ಹಿಡಿದು ಕೇಳಿದಳು. ದಪ್ಪ ಬಾಗಿಲಿನಾಚೆ ಏನೋ ಒಂದು ಸದ್ದು, ಮನುಷ್ಯರ ದನಿಯಂತೆ ಕೇಳಲಿಲ್ಲ. ಪಡಸಾಲೆಗೆ ಬಂದರೆ ಚಾಪೆ ಖಾಲಿ. ಅಕ್ಕಿಚೀಲ ಎಳೆದು, ಚಿಲಕ ಕಿತ್ತು ಬಾಗಿಲು ದೂಡಿದಳು.

ಸೆಕೆ ತಾಳದೆ ಅವನು ಮನೆಯ ಪಕ್ಕದಿಂದ ಸುತ್ತಿ ಬಂದು ನೀರಿಗೆ ಹಾರಿದ್ದ. ಗದ್ದದವರೆಗೂ ಮುಳುಗಿದ್ದ ಈಗ; ಕಾಲಿಗೆ ತಳ ಎಟುಕುತ್ತಿರಲಿಲ್ಲ. ಗೋಡೆಯಲ್ಲಿ ಏಣಿ ಕಿತ್ತ ತೂತಿಗೆ ಎರಡು ಬೆರಳು ಸಿಕ್ಕಿಸಿಕೊಂಡು ಜೋತುಬಿದ್ದಿದ್ದ. ಅಂಚು ಅವನ ತಲೆಯಿಂದ ಆಳೆತ್ತರ ಮೇಲೆ. ನಡುವೆ ಪಾಚಿ ಕಟ್ಟಿ ನುಣ್ಣಗಾದ ಸಿಮೆಂಟು. ತುಟಿ ಬಿಳಿಚಿತ್ತು.

“ಕೈ... ಸೋತಾವ,” ಎಂದ.

“ವಿನೋದಾ, ಹೊಸ್ತಿಲ ಮ್ಯಾಲ ಕುಂದ್ರು. ಎದ್ದರ ನೋಡು ಮತ್ತ!”

ಮನೆ ಪಕ್ಕದ ಬಾವಿಯ ಹಗ್ಗ ಬಿಚ್ಚಿ ತಂದು ಒಂದು ತುದಿಯನ್ನು ಕೊಳದ ಬಳಿಯ ಪೇರಲಗಿಡಕ್ಕೆ ಬಿಗಿದಳು. ಇನ್ನೊಂದು ತುದಿಗೆ ದೊಡ್ಡ ಕುಣಿಕೆ ಹಾಕಿದಳು. ಇಷ್ಟು ದಿನ ಯಾವ ಅಂಚಿನ ಹತ್ತಿರ ಸುಳಿಯಲೂ ಹೆದರಿದ್ದಳೋ ಅಲ್ಲೇ ಬೋರಲು ಮಲಗಿ ಹಗ್ಗ ಇಳಿಬಿಟ್ಟಳು. “ತಲಿ ತೂರಸ್ರಿ... ಒಂದು ಕೈ... ಇನ್ನೊಂದು.” ಕುಣಿಕೆ ಕಂಕುಳಿಗೆ ಬಿತ್ತು. ಹಗ್ಗ ಬಿಗಿಯಿತು. ಇನ್ನು ಮುಳುಗಲಾರ. ಆದರೆ ಎಷ್ಟು ಜಗ್ಗಿದರೂ ಆ ಭಾರ ಮೇಲೇಳಲಿಲ್ಲ. ಮಗಳನ್ನು ಕಂಕುಳಲ್ಲಿ ಅವುಚಿಕೊಂಡು ರಸ್ತೆಗೆ ಓಡಿದಳು. ಬರುತ್ತಿದ್ದ ಲಾರಿಗೆ ಅಡ್ಡ ನಿಂತಳು. ಡ್ರೈವರ್ ಬಷೀರ್ ಮತ್ತು ಮೂಟೆಗಳ ಮೇಲಿದ್ದ ಇಬ್ಬರು ಹಮಾಲರು ಏನು, ಎತ್ತ ಎಂದು ಕೇಳದೆ ಹಿಂದೆ ಓಡಿಬಂದರು. ಮೂವರೂ ಸೇರಿ ಜಗ್ಗಿದಾಗ ಶಿವಲಿಂಗಪ್ಪ ಎದೆ ತರಚಿಸಿಕೊಂಡು ಮೇಲೆ ಬಂದು ನೆಲದ ಮೇಲೆ ಬಿದ್ದ.

“ಅಲ್ಲಾನ ದಯಾ, ಅಕ್ಕಾ,” ಎಂದ ಬಷೀರ್, ಬೆವರು ಒರೆಸಿಕೊಳ್ಳುತ್ತ.

ಸಂಜೆಯವರೆಗೂ ಶಿವಲಿಂಗಪ್ಪನ ನಡುಕ ನಿಲ್ಲಲಿಲ್ಲ. “ಬಾಗಲಾ ಬಾಗಲಾ ಅಂತ ಒದರೇ ಒದರಿದೆ. ಈಜಾಕ ಬರ್ತಿತ್ತು ಗಿರಿಜಾ. ಹತ್ತಾಕ ಬರಲಿಲ್ಲ.”

ಗಿರಿಜವ್ವನ ಕಣ್ಣು ತುಂಬಿತು. “ಚಿಲಕ ಹಾಕಿದಾಕಿ ನಾನ. ನೀರು ಇಳಸ್ರಿ ಅಂದಾಕೀನೂ ನಾನ. ತುಂಬಿದ್ದರ ಅಂಚು ಕೈಗೆ ಸಿಗ್ತಿತ್ತು.”

“ನೀ ಮೊದಲು ಹೇಳಿದ್ದು ಗೋಡಿ ಕಟ್ಟಸ್ರಿ ಅಂತ,” ಎಂದನವನು.

ಮರುದಿನ ಅವನು ರಜಾಕ್ ಸಾಹೇಬರ ಬಳಿ ಹೋಗಿ, ಯಾವ ಗೋಡೆ, ಎಷ್ಟು ಮೆಟ್ಟಿಲು ಎಂದು ಸರಿಯಾಗಿ ಕೇಳಿಕೊಂಡು ಬಂದ. ಅವು ಆಗದಿದ್ದರೆ ಮನೆಯೇ ಬೇಡವೆಂದು ವ್ಯಾಪಾರಿಗೆ ತಿಳಿಸಿದ. ಉತ್ತರ ಬರುವವರೆಗೆ ಮೂವರೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೆಣಸಿನಕಾಯಿ ಘಾಟಿನಲ್ಲಿ ಕೆಮ್ಮುತ್ತ ಮಲಗಿದರು. ಬೇರೆ ಗಿರಾಕಿ ಸಿಗದೆ ವ್ಯಾಪಾರಿ ಕಡೆಗೂ ಒಪ್ಪಿದ. ಗೌಂಡಿಗಳು ಉಳಿದ ನೀರು ಬಸಿದು, ಒಂದು ಬದಿ ಒಡೆದು ಅಗಲವಾದ ಮೆಟ್ಟಿಲು ಕಟ್ಟಿದರು, ಸುತ್ತ ಗೋಡೆ ಎಬ್ಬಿಸಿ ಗೇಟು ಕೂರಿಸಿದರು. ಸಾಹೇಬರು ತಳದವರೆಗೆ ಇಳಿದು ಹತ್ತಿ ಬಂದು, “ಈಗ ಮನಿ ತಗೋರಿ,” ಎಂದರು.

ಮಳೆಗಾಲ ಕಳೆದು ಕೊಳ ತುಂಬಿತು. ಶಿವಲಿಂಗಪ್ಪ ಅತ್ತ ಮುಖ ಹಾಕಲಿಲ್ಲ. “ಮುಚ್ಚಿಸಿಬಿಡೂಣೇನು?” ಎಂದು ಒಂದು ಬೆಳಿಗ್ಗೆ ಅವನೇ ಕೇಳಿದ. ಈಜು ಕಲಿಸು ಎಂದು ವಿನೋದಾ ಅವನ ಧೋತರ ಹಿಡಿದು ಜಗ್ಗುತ್ತಿದ್ದಳು.

ಗಿರಿಜವ್ವ ನೀರನ್ನೇ ನೋಡುತ್ತ ನಿಂತಳು. ಹೆದರಿಕೆ ಹೋಗಿರಲಿಲ್ಲ.

“ಮುಚ್ಚೂದು ಬ್ಯಾಡ. ಮೊದಲ ನನಗ ಕಲಸ್ರಿ,” ಎಂದಳು. “ಆಮ್ಯಾಲ ಆಕಿಗೆ.”

ಸೀರೆಯ ಕಚ್ಚೆ ಬಿಗಿದು, ಗಂಡನ ಕೈ ಹಿಡಿದು, ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ನೀರು ತಣ್ಣಗೆ ಕೊರೆಯುತ್ತಿತ್ತು.