ಗಿರಣಿಯ ಕೌಜುಗದ ಹಗೆ

ನಾನು ಒಂದು ಗಂಡು ಕೌಜುಗ. ಗಾತ್ರದಲ್ಲಿ ಕೋಳಿಯ ಅರ್ಧದಷ್ಟೂ ಇಲ್ಲ, ಹಾರುವುದು ಕಡಿಮೆ, ಓಡುವುದು ಹೆಚ್ಚು, ಜಗಳ ಎಲ್ಲಕ್ಕಿಂತ ಹೆಚ್ಚು. ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ನಮ್ಮ ಆಯಸ್ಸೇ ಅಷ್ಟಿಲ್ಲ, ಹಾಗಾಗಿ ನನ್ನ ದ್ವೇಷವನ್ನು ನಾನು ಬೇಗ ತೀರಿಸಿಕೊಳ್ಳಬೇಕಾಯಿತು. ಸಾಧು ಹಕ್ಕಿಯ ಮುದ್ದು ಕಥೆ ಬೇಕಿದ್ದವರು ಗಿಳಿಯನ್ನು ಕೇಳಿಕೊಳ್ಳಲಿ.

ಗದಗ ಸೀಮೆಯ ಒಂದು ಕುರುಚಲು ಗುಡ್ಡದ ಮೇಲೆ, ಕವಳಿ ಹಣ್ಣಿನ ಮುಳ್ಳುಕಂಟಿಯ ಬುಡದಲ್ಲಿ ನನ್ನ ತಾಯಿ ಮೊಟ್ಟೆ ಇಟ್ಟಳಂತೆ. ಅವಳ ಮುಖ ನಾನು ನೋಡಲಿಲ್ಲ. ಊರಿನ ಹಿಟ್ಟಿನ ಗಿರಣಿಯ ಮಾಲೀಕ ಸೋಮಲಿಂಗ ಆ ಮೊಟ್ಟೆಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದು, ಮನೆಯಲ್ಲಿ ಕಾವಿಗೆ ಕೂತಿದ್ದ ಕೋಳಿಯ ಕೆಳಗೆ ತುರುಕಿದ. ಬದುಕಿದವನು ನಾನೊಬ್ಬನೇ. ಹುಟ್ಟಿದಾಗ ನನಗೆ ಕಂಡದ್ದು ಕೋಳಿಯ ಹೊಟ್ಟೆ, ಆಮೇಲೆ ಹಿಟ್ಟು ಮೆತ್ತಿದ ಅವನ ಎರಡು ಪಾದ.

ಅವನು ಅಂಗೈಯಲ್ಲಿ ಗೆದ್ದಲು ಹಿಡಿದು ಮುಂದೆ ಮುಂದೆ ನಡೆಯುತ್ತಿದ್ದ. ನಾನು ಹಿಂದೆ ಹಿಂದೆ ಓಡುತ್ತಿದ್ದೆ. ಸ್ವಲ್ಪ ದಿನಕ್ಕೆ ಗೆದ್ದಲು ಇಲ್ಲದಿದ್ದರೂ ಓಡತೊಡಗಿದೆ. ಅಂಗಳದಲ್ಲಿ ಅವನ ಹೆಂಡತಿ ನೋಡಿ ನಗುತ್ತಿದ್ದಳು. "ಹೊಟ್ಯಾಗ ಹುಟ್ಟಿದ್ದೂ ಹಿಂಗ ಬೆನ್ನ ಹತ್ತಂಗಿಲ್ಲ ನೋಡ್ರಿ" ಅನ್ನುತ್ತಿದ್ದಳು. ಇವನು ನನ್ನನ್ನು ಪ್ರೀತಿಯಿಂದ ಸಾಕುತ್ತಿದ್ದಾನೆ ಎಂದು ನಾನೂ ನಂಬಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೂ ಅವನೆಂದರೆ ಜೀವವಾಗಿತ್ತು.

ನನ್ನ ಕಂಠ ಒಡೆದ ಮೇಲೆ ಅವನ ಪ್ರೀತಿಯ ಬಣ್ಣ ಬಯಲಾಯಿತು. ಗಂಡು ಕೌಜುಗ ಮುಂಜಾನೆ ಕೂಗುವುದು ಹಾಡಿಗಲ್ಲ, "ಇದು ನನ್ನ ಜಾಗ, ಗಂಡಸಾದರೆ ಬಾ" ಎಂದು ಸವಾಲು ಹಾಕುವುದಕ್ಕೆ. ಕೇಳಿದ ಗಂಡು ಸುಮ್ಮನೆ ಕೂರುವುದಿಲ್ಲ, ಜಗಳಕ್ಕೆ ಓಡಿ ಬರುತ್ತದೆ. ಸೋಮಲಿಂಗ ನನ್ನನ್ನು ಬಿದಿರಿನ ಪಂಜರದಲ್ಲಿ ಗುಡ್ಡಕ್ಕೆ ಒಯ್ದು, ಸುತ್ತಲೂ ನೈಲಾನ್ ದಾರದ ಉರುಲು ಹರಡಿ, ಪಂಜರದ ಮೇಲೆ ಕರಿ ಬಟ್ಟೆ ಹಾಕಿ ದೂರ ಕೂರುತ್ತಿದ್ದ. ನಾನು ಕೂಗುತ್ತಿದ್ದೆ. ಎದುರಾಳಿ ಬರುತ್ತಿದ್ದ, ಒಂದಿಷ್ಟು ರೆಕ್ಕೆ ಬಡಿತ, ಆಮೇಲೆ ಸದ್ದಿಲ್ಲ. ಗೆದ್ದೆ ಎಂದುಕೊಂಡು ನಾನು ಎದೆ ಉಬ್ಬಿಸುತ್ತಿದ್ದೆ.

ಒಂದು ಬೆಳಗ್ಗೆ ಗಾಳಿಗೆ ಬಟ್ಟೆ ಸರಿಯಿತು. ಒಬ್ಬ ಗಂಡು ಉರುಲಿನಲ್ಲಿ ಒದ್ದಾಡುತ್ತಿದ್ದ. ಅವನ ಕೂಗಿಗೆ ಅವನ ಹೆಣ್ಣು ಓಡಿ ಬಂದಳು, ಅವಳ ಕಾಲೂ ಸಿಕ್ಕಿತು. ಹಿಂದೆಯೇ ಹುಲ್ಲಿನಲ್ಲಿ ಅವರ ಮರಿಗಳು ಚೀಂಗುಟ್ಟುತ್ತಿದ್ದವು. ಸೋಮಲಿಂಗ ಬಂದು ಎರಡರ ಕತ್ತೂ ತಿರುವಿ ಚೀಲಕ್ಕೆ ಹಾಕಿದ. ನನ್ನತ್ತ ನೋಡಿ, "ಶಾಬಾಸ್, ನನ್ನ ಹುಲಿ!" ಅಂದ.

ಅವತ್ತು ನನ್ನ ಮೈಯೆಲ್ಲ ಉರಿಯಿತು. ಹೊಟ್ಟೆಗಿಲ್ಲದವನು ಹಿಡಿದಿದ್ದರೆ ಒಂದು ಮಾತು. ಇವನ ಮನೆಯಲ್ಲಿ ಜೋಳ, ಗೋಧಿ, ಕೋಳಿ, ಕುರಿ ಎಲ್ಲ ಇತ್ತು. ಪಟ್ಟಣದ ಗೆಳೆಯರ ಮುಂದೆ "ಕಾಡಕ್ಕಿ ಸಾರು ತಿನಿಸ್ತೀನಿ ಬರ್ರಿ" ಎಂದು ಮೀಸೆ ತಿರುವುವುದಕ್ಕೆ ನನ್ನ ಸಿಟ್ಟನ್ನು ಕದ್ದು ಬೇಟೆಯಾಡುತ್ತಿದ್ದ. ನನ್ನದೇ ಗಂಟಲಿನಿಂದ ನನ್ನ ಕುಲ ಅಳಿಸುತ್ತಿದ್ದ. ಇವನನ್ನು ಬಿಡಬಾರದು ಎಂದು ಅವತ್ತೇ ನಿಶ್ಚಯಿಸಿದೆ.

ಮೊದಲು ಬಾಯಿ ಮುಚ್ಚಿದೆ. ಗುಡ್ಡಕ್ಕೆ ಒಯ್ದರೆ ಕಲ್ಲಿನ ಹಾಗೆ ಕೂತೆ. ಅವನು ಕಾಳು ನಿಲ್ಲಿಸಿದ, ಬಾಲದ ಗರಿ ಕಿತ್ತ, ಪಂಜರ ಕುಲುಕಿದ. ನಾನು ಜಗ್ಗಲಿಲ್ಲ. ಕೊನೆಗೆ ಗಿರಣಿಯ ಅಟ್ಟದಲ್ಲಿ ಖಾಲಿ ಚೀಲಗಳ ಹಿಂದೆ ನನ್ನನ್ನು ಎಸೆದಂತೆ ಇಟ್ಟ. ಕೆಳಗೆ ದಿನವಿಡೀ ಗಿರಣಿಯ ಸದ್ದು. ನಾನು ಅಲ್ಲಿರುವುದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗುಡ್ಡದ ಕೆಳಗಿನ ಹೊಲದ ರೇಣವ್ವ ಒಂದು ದಿನ ಜೋಳ ಬೀಸಿಸಲು ಬಂದಳು. ಗಿರಣಿಯ ಸದ್ದಿಗೆ ಎದುರಾಗಿ ಗಂಟಲು ಎತ್ತರಿಸಿ ಮಾತಾಡುವ ಹೆಂಗಸು. "ಗುಡ್ಡದಾಗ ಕೌಜುಗದ ಒಂದ ಜೋಡಿ ಉಳದಾವು ತಮ್ಮಾ. ಮದಲ ಮುಂಜಾನೆ ಇಡೀ ಗುಡ್ಡ ಕೂಗತಿತ್ತು. ಹೊಲದಾಗ ಗೆದ್ದಲ ಆರಿಸಿ ತಿನ್ನೋ ಹಕ್ಕಿ, ಯಾರ ಕಣ್ಣ ಬಿತ್ತೋ ಏನೋ" ಎಂದು ಮರುಗಿದಳು. ಸೋಮಲಿಂಗ ಅಯ್ಯೋ ಪಾಪ ಅಂದ. ಹಾಗೆಂದವನೇ ನನ್ನ ಅಟ್ಟದ ಕೆಳಗೆ ಬಂದು ಗೆಳೆಯನಿಗೆ ಫೋನ್ ಹಚ್ಚಿದ. "ಐತಾರ ಬರ್ರಿ, ಇನ್ನೊಂದ ಜೋಡಿ ಐತಂತ. ಕೂಗಲಿಲ್ಲಂದ್ರ ಅಟ್ಟದ ಮ್ಯಾಲಿನ ಈ ದರಿದ್ರದ್ದನ್ನೂ ಸಾರಿಗೆ ಹಾಕಿದ್ರಾತು" ಅಂದ.

ಅಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ಗಕ್ಕನೆ ನಿಂತಿತು. ತಿಂಗಳುಗಟ್ಟಲೆ ಕಟ್ಟಿಟ್ಟ ಕೂಗನ್ನು ನಾನು ಒಮ್ಮೆಲೇ ಬಿಚ್ಚಿದೆ. ಕತೀತರ್! ಕತೀತರ್! ಕತೀತರ್! ಹಿಟ್ಟಿನ ಧೂಳು ಗಂಟಲಿಗೆ ಇಳಿದರೂ ಬಿಡಲಿಲ್ಲ.

"ಇದೇನೋ, ಗಿರಣ್ಯಾಗ ಕೌಜುಗ?" ಅಂದಳು ರೇಣವ್ವ.

"ಮೊಬೈಲ್ ರಿಂಗ್ ಬೇ ಅದು."

"ಫೋನು ನಿನ್ನ ಕೈಯಾಗ ಐತಿ, ರಿಂಗು ಅಟ್ಟದ ಮ್ಯಾಲ ಬಡಕೋತೈತಿ? ಯಾರಿಗೆ ಹೇಳತೀಯೋ ಇದನ್ನ?"

ಅವಳು ಜಗಳಕ್ಕೆ ನಿಲ್ಲಲಿಲ್ಲ. ಬೀಸದ ಜೋಳವನ್ನು ತಲೆಯ ಮೇಲೆ ಹೊತ್ತು ಮನೆಗೆ ಹೋಗಿ, ಮಗಳಿಂದ ಅರಣ್ಯ ಇಲಾಖೆಗೆ ಫೋನ್ ಮಾಡಿಸಿದಳು. ಮಾಡಿದ್ದು ಇಷ್ಟೇ. ಇಷ್ಟನ್ನು ಊರಿನ ಇನ್ನೊಬ್ಬರು ಮೊದಲೇ ಮಾಡಿದ್ದರೆ ಆ ಮರಿಗಳಿಗೆ ತಾಯಿ ಉಳಿಯುತ್ತಿದ್ದಳು. ಸಾರು ಉಂಡವರ ಮೇಲೆ ಎಷ್ಟು ಸಿಟ್ಟಿದೆಯೋ, ವಾಸನೆ ಬಂದರೂ ಸುಮ್ಮನಿದ್ದವರ ಮೇಲೂ ನನಗೆ ಅಷ್ಟೇ ಇದೆ.

ಮರುದಿನ ಜೀಪು ಬಂತು. ಸದ್ದು ಕೇಳಿದ್ದೇ ಸೋಮಲಿಂಗ ಪಂಜರ ಮುರಿದು ಗಿರಣಿಗೆ ಅಂಟಿದ ಮನೆಯ ಒಲೆಗೆ ಹಾಕಿ, ನನ್ನನ್ನು ಹಿತ್ತಲ ಬಾಗಿಲಿನಿಂದ ಹೊರಗೆ ಎಸೆದ. "ಹೋಗ್, ಸಾಯಿ ಎಲ್ಲರೆ" ಅಂದ. ಆಮೇಲೆ ಮುಖ ಒರೆಸಿಕೊಂಡು ಮುಂಬಾಗಿಲಿಗೆ ಹೋದ.

ಎದುರಿಗೆ ಗುಡ್ಡವಿತ್ತು. ನಾನು ಹುಟ್ಟಬೇಕಾಗಿದ್ದ ಗುಡ್ಡ. ನಡುವೆ ಗೋಡೆಯಿಲ್ಲ, ಬಟ್ಟೆಯಿಲ್ಲ, ಒಂದೇ ಉಸಿರಿಗೆ ಓಡಿದರೆ ಮುಟ್ಟಬಹುದು. ಮುಂಬಾಗಿಲಿನಿಂದ ಅವನ ದನಿ ಕೇಳುತ್ತಿತ್ತು: "ಹಕ್ಕಿ ಎಲ್ಲಿಂದ ಬರಬೇಕ್ರಿ ಮೇಡಂ? ನಾ ಕೌಜುಗ ಅಂದ್ರ ಹೆಂಗಿರತೈತಿ ಅಂತನೂ ನೋಡಿಲ್ಲ."

ನಾನು ಓಡಿಹೋದರೆ ಇವನು ಗೆಲ್ಲುತ್ತಾನೆ. ಭಾನುವಾರ ಆ ಜೋಡಿ ಚೀಲ ಸೇರುತ್ತದೆ. ಗುಡ್ಡಕ್ಕೆ ಬೆನ್ನು ತಿರುಗಿಸಿದೆ. ಓಣಿ ಸುತ್ತಿ ಬಂದು, ಎಲ್ಲರ ಕಣ್ಣೆದುರು ಅವನ ಹಿಮ್ಮಡಿಯ ಹಿಂದೆ ನಿಂತೆ.

ಅವನು ಹೌಹಾರಿ ಎಡಕ್ಕೆ ಸರಿದ, ನಾನೂ ಎಡಕ್ಕೆ. ಬಲಕ್ಕೆ ಹೋದ, ನಾನೂ ಬಲಕ್ಕೆ. ಕಾಲಿನಿಂದ ಒದ್ದ, ಉರುಳಿ ಎದ್ದು ಮತ್ತೆ ಬಂದೆ. ಅವನು ನಡೆದ, ನಾನು ನಡೆದೆ. ಎದುರಿನ ಕಟ್ಟೆಯ ಮೇಲಿದ್ದ ಊರವರು ಮೊದಲು ಬಾಯಿ ತೆರೆದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಜೀಪಿನಿಂದ ಇಳಿದಿದ್ದ ಗಾರ್ಡ್ ಶಬಾನಾ, "ಸಾಹುಕಾರ್ರ, ನೀವು ನೋಡಿಲ್ಲಂದ್ರೂ ಅದು ನಿಮ್ಮನ್ನ ಚೊಲೋತ್ನ್ಯಾಗ ನೋಡೇತಿ" ಅಂದಳು. ಅಟ್ಟ ಶೋಧಿಸಿದಾಗ ಉರುಲುಗಳ ಗಂಟೂ ಸಿಕ್ಕಿತು. ಜೀಪು ಹತ್ತುವಾಗ ಅವನು ನನ್ನನ್ನು ನೋಡಿದ ನೋಟವನ್ನು ನೆನೆದು ಈಗಲೂ ನಾನು ಬಾಯಿ ಚಪ್ಪರಿಸುತ್ತೇನೆ.

ಕೇಸು ನಡೆಯಿತು, ಶಿಕ್ಷೆಯೂ ಆಯಿತು. ನನಗೆ ಅಷ್ಟು ಸಾಲದೆನಿಸಿತ್ತು. ಉಳಿದದ್ದನ್ನು ರೇಣವ್ವ ನೋಡಿಕೊಂಡಳು. ಓಣಿಯ ಹೆಂಗಸರನ್ನು ಕರೆದುಕೊಂಡು ಹಿಟ್ಟು ಬೀಸಿಸಲು ಪಕ್ಕದೂರಿಗೆ ನಡೆದಳು. ತನ್ನ ಹೊಲದ ಬದುವಿನ ಹುಲ್ಲಿಗೆ ಬೆಂಕಿ ಹಚ್ಚುವುದನ್ನು ಬಿಟ್ಟಳು, ಮರಿಗಳಿಗೆ ಮರೆ ಬೇಕಲ್ಲ. ಅವಳನ್ನು ನೋಡಿ ಅಕ್ಕಪಕ್ಕದ ಹೊಲದವರೂ ಬಿಟ್ಟರು. ಗುಡ್ಡದಲ್ಲಿ ಉರುಲು ಕಂಡರೆ ಕಿತ್ತು ತಂದು ಶಬಾನಾಳ ಕೈಗೆ ಕೊಡುವ ರೂಢಿಯಾಯಿತು.

ನನ್ನನ್ನು ಗುಡ್ಡಕ್ಕೆ ಬಿಡಲಿಲ್ಲ. "ಯಾರ ಬಂದ್ರೂ ಬೆನ್ನ ಹತ್ತೋ ಹಕ್ಕಿ ಇದು, ಹೊರಗ ಒಂದ ದಿನ ಬದುಕಂಗಿಲ್ಲ" ಅಂದರು ಇಲಾಖೆಯ ಪಶು ಡಾಕ್ಟರು. ನಿಜವೇ. ಸೋಮಲಿಂಗ ಕಸಿದುಕೊಂಡದ್ದನ್ನು ಯಾವ ಕೋರ್ಟೂ ವಾಪಸು ಕೊಡಿಸಲಿಲ್ಲ. ಗುಡ್ಡದ ಆಚೆ ಬದಿಗಿರುವ ಇಲಾಖೆಯ ಸಸಿತೋಟದಲ್ಲಿ ಜಾಲರಿಯ ದೊಡ್ಡ ಗೂಡು ನನ್ನದಾಯಿತು. ಈಗ ಒಂದು ಕಣ್ಣು ಮಂಜು, ಕಾಲಿನ ಮುಳ್ಳು ಮೊಂಡು. ಹೆಣ್ಣಿಲ್ಲ, ಮರಿಯಿಲ್ಲ. ಕ್ಷಮಿಸು ಎಂದು ಯಾರಾದರೂ ಬುದ್ಧಿ ಹೇಳಿದರೆ ಕುಕ್ಕುತ್ತೇನೆ.

ಇಂದು ಬೆಳಗ್ಗೆ ಸುಮ್ಮನಿರಲಾರದೆ ಕೂಗಿದೆ. ಇದು ನನ್ನ ಜಾಗ, ಗಂಡಸಾದರೆ ಬಾ. ಗುಡ್ಡದಿಂದ ಉತ್ತರ ಬಂತು, ಹಿಂದೆಯೇ ಒಬ್ಬ ಎಳೆಯ ಗಂಡು ಓಡಿ ಬಂದ. ಜಾಲರಿಗೆ ಎದೆ ಗುದ್ದಿ ನನ್ನ ಕುಲವನ್ನೆಲ್ಲ ಬೈದ. ನಾನೂ ಬೈದೆ. ಸಾಕಷ್ಟು ಹೊತ್ತು ಕಚ್ಚಾಡಿದೆವು. ಆಮೇಲೆ ಅವನು ಗರಿ ಕೊಡವಿ, ಹುಲ್ಲಿನಲ್ಲಿ ಕಾಯುತ್ತಿದ್ದ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತಿದ.

ನನ್ನ ಕೂಗಿಗೆ ಬಂದವನೊಬ್ಬ ಜೀವಂತ ಮನೆಗೆ ಹೋದ. ಕೇಳಿಸಿತೇನೋ, ಸೋಮಲಿಂಗ?